ಎರಡು ಬೆಳಕಿನ ಮನೆ

“ಅವರ ಬಾಯಲ್ಲಿ ಒಂದು ದಿನಾನೂ ದುಡ್ಡಿನ ಮಾತು ಬರ್ಲಿಲ್ಲ. ಅಂಥವರು ಈಗೆಲ್ಲಿದ್ದಾರೆ ಹೇಳಿ?”

ಶ್ರದ್ಧಾಂಜಲಿ ಸಭೆಯಲ್ಲಿ ಮೈಕಿನ ಮುಂದೆ ನಿಂತು ಹೀಗೆ ಹೇಳಿದವರು ನಮ್ಮ ಮೈಸೂರಿನ ಹೆಸರುವಾಸಿ ಆರ್ಕಿಟೆಕ್ಟ್ ಒಬ್ಬರು. ಅವರು ವಿನ್ಯಾಸ ಮಾಡಿದ ಮನೆ, ಆಫೀಸು, ಕಲ್ಯಾಣ ಮಂಟಪಗಳ ಫೋಟೋವನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಟ್ಟ ಫೋಟೋಗ್ರಾಫರು ಪಕ್ಕದ ಮೇಜಿನ ಮೇಲೆ, ಹಾರ ಹಾಕಿದ ಫ್ರೇಮಿನೊಳಗಿಂದ ನೋಡುತ್ತಿದ್ದರು. ಸಭೆಯಲ್ಲಿದ್ದವರೆಲ್ಲ ತಲೆದೂಗಿದರು. ಮೂರನೇ ಸಾಲಿನಲ್ಲಿ ಕೂತಿದ್ದ ನಾನು ಹಲ್ಲು ಕಚ್ಚಿಕೊಂಡೆ. ಹಸಿ ಸುಳ್ಳು! ದುಡ್ಡಿನ ಮಾತನ್ನು ಅವರಷ್ಟು ಅಚ್ಚುಕಟ್ಟಾಗಿ ಆಡಿದ ಇನ್ನೊಬ್ಬರನ್ನು ಈ ಊರಿನಲ್ಲಿ ನಾನು ಕಂಡಿಲ್ಲ. ಆಡಿದ್ದಷ್ಟೇ ಅಲ್ಲ, ಬರೆದೂ ಕೊಡುತ್ತಿದ್ದರು. ಈ ಸಾಹೇಬರಿಗೆ ಓದಲು ಪುರುಸೊತ್ತಿರಲಿಲ್ಲ.

ಆ ಫೋಟೋಗ್ರಾಫರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರು ತೆಗೆದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು, ಕ್ಯಾಲೆಂಡರುಗಳಲ್ಲಿ ಬಂದವು, ಟೈಲ್ಸ್ ಅಂಗಡಿಗಳ ಬೋರ್ಡಿನ ಮೇಲೂ ಬಂದವು. ಮನೆ ಯಾರದು, ವಿನ್ಯಾಸ ಯಾರದು, ಕಿಟಕಿಯ ಗಾಜು ಯಾವ ಕಂಪನಿಯದು ಎಲ್ಲ ಬರೆದಿರುತ್ತಿತ್ತು. ಇವರ ಹೆಸರು ಒಂದರ ಕೆಳಗೂ ಇರುತ್ತಿರಲಿಲ್ಲ. ಬದುಕಿದ್ದಾಗ ಯಾರೂ ಹಾಕದ ಹೆಸರನ್ನು ಈಗ ನಾನೊಬ್ಬ ಹಾಕಿ ಯಾವ ಪುರುಷಾರ್ಥ?

ನನಗೆ ಅವರ ಪರಿಚಯವಾದದ್ದು ಮೇಟಗಳ್ಳಿಯ ನನ್ನ ಸ್ಟುಡಿಯೋದಲ್ಲಿ. ಆಗ ನನ್ನದು ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜಿನ ವ್ಯವಹಾರ. ಒಂದು ಬೆಳಿಗ್ಗೆ ಚೌಕಳಿ ಅಂಗಿಯ ಕುಳ್ಳನೆಯ ಮನುಷ್ಯರೊಬ್ಬರು ಮೊಪೆಡ್ ನಿಲ್ಲಿಸಿ ಒಳಗೆ ಬಂದರು. ಯಾವುದೋ ಅರ್ಜಿಗೆ ಫೋಟೋ ಬೇಕಿತ್ತು. ಸ್ಟೂಲಿನ ಮೇಲೆ ಕೂತವರು ಕ್ಯಾಮೆರಾ ನೋಡುವುದು ಬಿಟ್ಟು ಗೋಡೆಯ ಮೇಲಿದ್ದ ಫೋಟೋಗಳನ್ನೇ ನೋಡುತ್ತಿದ್ದರು.

“ಎಲ್ಲಾ ಮೊಕಕ್ಕೂ ಒಂದೇ ಬೆಳಕು ಬುಟ್ಟಿದ್ದೀಯಲ್ಲಯ್ಯ. ಗಂಡೂ ಅಂಗೇ ಅವ್ನೆ, ಮಾವನೂ ಅಂಗೇ ಅವ್ನೆ. ಯಾರ್ನ ಮದ್ವೆ ಆಗ್ಬೇಕು ಅಂತ ಎಣ್ಣಿಗೆ ಎಂಗೆ ಗೊತ್ತಾಗ್ಬೇಕು?”

ನನಗೆ ಮೈ ಉರಿದುಹೋಯಿತು. ಇವರ್ಯಾರು ನನ್ನ ಅಂಗಡಿಗೆ ಬಂದು ನನಗೇ ಹೇಳೋಕೆ ಅಂತ ಜೋರು ಮಾಡಿದೆ. ಅವರು ನಕ್ಕು, ನಾಳೆ ಒಂದು ಮನೆ ತೆಗೆಯೋದಿದೆ, ಬಾ, ಆಮೇಲೆ ಜಗಳ ಆಡೋಣ ಎಂದರು. ಹೋದೆ. ಹೋದವನು ಎರಡು ವರ್ಷ ಅವರ ಹಿಂದೆಯೇ ಓಡಾಡಿದೆ.

ಮೊದಲ ದಿನ ಅವರು ಕ್ಯಾಮೆರಾವನ್ನೇ ತಂದಿರಲಿಲ್ಲ. ಅಂಗಿಯ ಜೇಬಿನಿಂದ ಒಂದು ಸೀಮೆಸುಣ್ಣ ತೆಗೆದರು. ಗೃಹಪ್ರವೇಶದ ತೋರಣ ಇನ್ನೂ ಒಣಗದ ಮನೆ. ಥಳಥಳ ಹೊಳೆಯುವ ಗ್ರಾನೈಟ್ ನೆಲ. ಪೂರ್ವದ ಕಿಟಕಿಯಿಂದ ಬಿಸಿಲು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಬಗ್ಗಿ ಒಂದು ಗೆರೆ ಎಳೆದರು. ಮನೆಯಾಕೆ “ಅಯ್ಯೋ, ನೆಲ ಕಣ್ರೀ!” ಎಂದು ಓಡಿ ಬಂದರು. ಇವರು ಹೆಗಲ ಮೇಲಿನ ಟವೆಲ್ ತೋರಿಸಿ, ಒರಸಿಯೇ ಹೋಗ್ತೀನಿ ತಾಯಿ, ಗಾಬರಿ ಆಗ್ಬೇಡಿ ಎಂದು ಸಮಾಧಾನ ಹೇಳಿ, ಗೋಡೆಗೆ ಒರಗಿ ಕೂತರು. ಅರ್ಧ ಗಂಟೆಗೊಂದು ಗೆರೆ. ಮಧ್ಯಾಹ್ನದ ಹೊತ್ತಿಗೆ ನೆಲವೆಲ್ಲ ಮಕ್ಕಳು ಕುಂಟೆಬಿಲ್ಲೆ ಆಡಲು ಬರೆದ ಹಾಗೆ ಆಗಿತ್ತು. ಸಂಜೆ ಪಶ್ಚಿಮದ ಮೆಟ್ಟಿಲ ಮೇಲೆ ಬಿಸಿಲು ಬಂದಾಗ ಅಲ್ಲೂ ಒಂದು ಗೆರೆ ಎಳೆದು, “ಎರಡು ಬೆಳಕಿನ ಮನೆ ಕಣಯ್ಯ ಇದು” ಎಂದರು.

ಇದೇ ಅವರ ಬೆಲೆ ಕಟ್ಟುವ ರೀತಿ. ಬೇರೆಯವರು ಫೋಟೋಗೆ ಇಷ್ಟು ಅನ್ನುತ್ತಿದ್ದರು, ಚದರಡಿಗೆ ಇಷ್ಟು ಅನ್ನುವವರೂ ಇದ್ದರು. ಇವರಿಗೆ ಅದೆಲ್ಲ ಅಡುಗೆ ಕಂಟ್ರಾಕ್ಟಿನ ಎಲೆ ಲೆಕ್ಕ. ಕಟ್ಟಡ ತನ್ನನ್ನು ತಾನು ತೋರಿಸಿಕೊಳ್ಳಲು ದಿನಕ್ಕೆ ಎಷ್ಟು ಬೆಳಕು ಬೇಕೋ ಅದು ಅದರ ಬೆಲೆ. ಒಂದು ಬೆಳಕಿಗೆ ಹನ್ನೆರಡು ಸಾವಿರ. ಎರಡು ಬೆಳಕಿನ ಮನೆಗೆ ಇಪ್ಪತ್ತನಾಲ್ಕು. ತೆಗೆದುಕೊಟ್ಟ ಚಿತ್ರವನ್ನು ಆರ್ಕಿಟೆಕ್ಟ್ ತಮ್ಮ ಕೆಲಸಕ್ಕೆ ಬಳಸಬಹುದು, ಟೈಲ್ಸ್‌ನವರಿಗೋ ಪೇಂಟ್‌ನವರಿಗೋ ಕೊಟ್ಟರೆ ಅದಕ್ಕೆ ಬೇರೆ. “ಬಟನ್ ಒತ್ತೋಕೆ ಯಾರಾದ್ರೂ ದುಡ್ಡು ಕೊಡ್ತಾರೇನಯ್ಯ? ಕಾಯೋದಕ್ಕೆ ಕೂಲಿ” ಎನ್ನುತ್ತಿದ್ದರು. ಇಷ್ಟನ್ನೂ ಮನೆಯ ದಿನದರ್ಶಿಯಿಂದ ಹರಿದ ಹಿಂದಿನ ದಿನದ ಹಾಳೆಯ ಬೆನ್ನಿಗೆ ದುಂಡನೆಯ ಅಕ್ಷರದಲ್ಲಿ ಬರೆದು, ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದರು.

ಈಗ ಹೇಳಿ, ಇದು ದುಡ್ಡಿನ ಮಾತಲ್ಲವೇ?

ಆದರೆ ಅವರ ಮೇಲೂ ನನಗೆ ಸಿಟ್ಟಿದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ಹೇಳುವವರು ಹೇಳಿಕೊಳ್ಳಲಿ. ಆ ಹಾಳೆಯನ್ನು ಆರ್ಕಿಟೆಕ್ಟ್ ಸಾಹೇಬರು ಒಮ್ಮೆ ಕಣ್ಣಾಡಿಸಿ, “ಗುರುಗಳೇ, ಈ ಸಲ ಕ್ಲೈಂಟ್ ಸ್ವಲ್ಪ ಕಷ್ಟ. ಅಡ್ಜಸ್ಟ್ ಮಾಡ್ಕೊಳ್ಳಿ. ಮುಂದಿನ ಸಲ ನೋಡೋಣ” ಎಂದು ಮೇಜಿನ ಮೇಲೆ ವಾಪಸ್ಸು ಸರಿಸುತ್ತಿದ್ದರು. ಇವರು ಅದನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಇಟ್ಟುಕೊಂಡು ಎದ್ದುಬರುತ್ತಿದ್ದರು. ಅರ್ಧ ದುಡ್ಡಿಗೆ ಪೂರ್ತಿ ಕೆಲಸ. ಬೆಳಿಗ್ಗೆ ಐದೂವರೆಗೆ ಹಾಜರು, ಸಂಜೆ ದೀಪ ಹಚ್ಚುವ ತನಕ ಹಾಜರು. ಮೊಪೆಡ್ಡಿನ ಹಿಂದೆ ಕೂತು ನಾನು ಬೈದುಕೊಳ್ಳುತ್ತಿದ್ದೆ. ಒಂದು ಬೆಳಕಿನ ದುಡ್ಡು ಕೊಟ್ಟರೆ ಒಂದೇ ಬೆಳಕು ತೆಗೆದುಕೊಡಿ ಸಾರ್, ಅವರಿಗೂ ಬುದ್ಧಿ ಬರ್ಲಿ ಎಂದರೆ, “ದುಡ್ಡು ಕಮ್ಮಿ ಮಾಡ್ಬೋದು ಕಣ್ಲಾ. ಬೆಳಕು ಕಮ್ಮಿ ಮಾಡೋಕೆ ಬರಲ್ಲ” ಎನ್ನುತ್ತಿದ್ದರು. ಇಂಥ ಮಾತು ಕೇಳಲು ಬಹಳ ಚೆಂದ. ಆ ತಿಂಗಳ ಗ್ಯಾಸ್ ಸಿಲಿಂಡರಿಗೆ ಅವರ ಹೆಂಡತಿ ಪಕ್ಕದ ಮನೆಯಲ್ಲಿ ಸಾಲ ಕೇಳಿದ್ದು ನನಗೆ ಗೊತ್ತಿತ್ತು.

ಕೊಡದೆ ಉಳಿಸಿದ ದುಡ್ಡಿಗೆ ಬದಲಾಗಿ ಸಾಹೇಬರು ಸನ್ಮಾನ ಮಾಡುತ್ತಿದ್ದರು! ಅದಕ್ಕೆ ನಮ್ಮ ಊರಿನಲ್ಲಿ ಬರಗಾಲವೇ? ಕಟ್ಟಡದ ಉದ್ಘಾಟನೆಗೆ ಕರೆದು, ವೇದಿಕೆ ಹತ್ತಿಸಿ, ಶಾಲು ಹೊದಿಸಿ, ತಲೆಗೆ ಜರಿಯ ಮೈಸೂರು ಪೇಟ ಇಟ್ಟು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಕಾಲಿಗೂ ಬಿದ್ದು ಕಳಿಸುತ್ತಿದ್ದರು. ಅವರ ಮನೆಯ ಬೀರುವಿನ ಮೇಲೆ ಅಂಥ ಹನ್ನೊಂದು ಪೇಟಗಳಿದ್ದವು. ಒಂದು ಸಲ ನಾನು ಕೇಳಿಯೇಬಿಟ್ಟೆ, “ಇವನ್ನ ತಗೊಂಡ್ಹೋಗಿ ದಿನಸಿ ಅಂಗಡೀಲಿ ಇಟ್ರೆ ಒಂದು ಮೂಟೆ ಅಕ್ಕಿ ಕೊಡ್ತಾರಾ ಸಾರ್?” ಎಂದು. ಅವರ ಹೆಂಡತಿ ಅಡುಗೆಮನೆಯಿಂದಲೇ, “ಕೇಳಪ್ಪ, ನೀನಾದ್ರೂ ಕೇಳು” ಎಂದರು. ಅವರು ಮಾತ್ರ ಲೆನ್ಸ್ ಒರೆಸುತ್ತಲೇ ಇದ್ದರು.

ಇಷ್ಟೆಲ್ಲ ಆಡಿದ ನಾನು ಮಾಡಿದ್ದೇನು? ಅದನ್ನೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಆ ಮೈಕು ಹಿಡಿದವರಿಗೂ ನನಗೂ ವ್ಯತ್ಯಾಸವಿರುವುದಿಲ್ಲ.

ಹನ್ನೊಂದು ವರ್ಷದ ಹಿಂದೆ ನಾನು ಸ್ವಂತವಾಗಿ ಕಟ್ಟಡದ ಫೋಟೋಗೆ ಇಳಿದೆ. ಕ್ಯಾಮೆರಾಕ್ಕೆ ಸಾಲ ಮಾಡಿದ್ದೆ, ಕೈಯಲ್ಲಿ ಕೆಲಸವಿರಲಿಲ್ಲ. ಆಗ ಇದೇ ಆರ್ಕಿಟೆಕ್ಟ್ ಸಾಹೇಬರು ಕರೆಸಿದರು. ವಿಜಯನಗರದಲ್ಲಿ ಒಂದು ಮನೆ. ನೀನೆಷ್ಟು ತಗೋತೀಯಪ್ಪ ಎಂದರು. ಅವರ ಮೇಜಿನ ಮೇಲೆ ಪೇಪರ್‌ವೇಟಿನ ಕೆಳಗೆ ದಿನದರ್ಶಿಯ ಒಂದು ಹಾಳೆ ಕಾಣುತ್ತಿತ್ತು. ಆ ದುಂಡನೆಯ ಅಕ್ಷರ ನನಗೆ ಗುರುತಾಗದೆ ಇರುತ್ತದೆಯೇ? ಇವರು ಆಗಲೇ ಹೋಗಿ, ಗೆರೆ ಎಳೆದು, ಎರಡು ಬೆಳಕು ಎಂದು ಬರೆದುಕೊಟ್ಟಿದ್ದರು. ಕಂಡೂ ಕಾಣದವನ ಹಾಗೆ ನಾನು “ಹತ್ತು ಸಾವಿರ ಕೊಡಿ ಸಾರ್, ಒಂದೇ ದಿನದಲ್ಲಿ ಮುಗಿಸಿಕೊಡ್ತೀನಿ” ಎಂದೆ. ಮನೆ ನೋಡಿರಲಿಲ್ಲ. ಸೀಮೆಸುಣ್ಣವಂತೂ ನೆನಪೇ ಆಗಲಿಲ್ಲ. ಕೆಲಸ ನನಗೆ ಸಿಕ್ಕಿತು.

ಮಾರನೇ ದಿನ ಮಧ್ಯಾಹ್ನ ನಾನು ಬೆಳಿಗ್ಗೆಯ ಫೋಟೋ ಮುಗಿಸಿ ಸ್ಟುಡಿಯೋಗೆ ಬಂದು ಕೂತಿದ್ದೆ. ಮೊಪೆಡ್ಡಿನ ಸದ್ದಾಯಿತು. ಒಳಗೆ ಬಂದವರು ಮಾಮೂಲಿನಂತೆ ಸ್ಟೂಲಿನ ಮೇಲೆ ಕೂತು ನೀರು ಕುಡಿದರು.

“ವಿಜಯನಗರದ ಮನೆ ನೀನು ಮಾಡ್ತಿದ್ದೀಯಂತಲ್ಲ?”

“ಹೂಂ ಸಾರ್.”

“ಎಷ್ಟು ಬೆಳಕು ಅಂದೆ?”

“ಒಂದು.”

“ಅದು ಎರಡು ಬೆಳಕಿನ ಮನೆ ಕಣಯ್ಯ. ಸಾಯಂಕಾಲ ಮೆಟ್ಲು ಮೇಲೆ ಬಿಸ್ಲು ಬತ್ತದೆ. ಅದ್ನ ಬುಟ್ಟು ಆ ಮನೇಲಿ ಇನ್ನೇನೈತೆ? ಏಳು, ಓಗವ.”

ದುಡ್ಡಿನ ಬಗ್ಗೆ ಒಂದು ಮಾತು ಕೇಳಲಿಲ್ಲ. ಆ ಸಂಜೆ ನನ್ನ ಪಕ್ಕ ನಿಂತು, ತಮ್ಮ ಲೆನ್ಸನ್ನೇ ನನ್ನ ಕ್ಯಾಮೆರಾಕ್ಕೆ ಹಾಕಿ, ನನ್ನ ಕೈಯಿಂದಲೇ ಆ ಮೆಟ್ಟಿಲ ಫೋಟೋ ತೆಗೆಸಿದರು. ಎತ್ತರದ ಗೋಡೆಗಳು ಹಿಂದಕ್ಕೆ ಬಿದ್ದ ಹಾಗೆ ಕಾಣದೆ ನೆಟ್ಟಗೆ ನಿಲ್ಲುವಂತೆ ಮಾಡುವ ಲೆನ್ಸು ಅದು. ಆ ಕಾಲಕ್ಕೆ ನಮ್ಮ ಕಡೆ ಅವರ ಬಳಿ ಮಾತ್ರ ಇತ್ತು. ಆ ಫೋಟೋ ನನಗೆ ಹೆಸರು ತಂದಿತು. ನಾನು ಬೆಲೆ ಇಳಿಸಿದ್ದು ಗೊತ್ತಿಲ್ಲದೆಯೇ ಅವರು ಅವತ್ತು ಬಂದಿದ್ದರು ಎಂದು ಸಮಾಧಾನ ಮಾಡಿಕೊಂಡೆ. ಹನ್ನೊಂದು ವರ್ಷ ಅದೇ ಸಮಾಧಾನದಲ್ಲಿ ಮಲಗಿ ಎದ್ದೆ.

ಆಮೇಲೆ ಆಗಬೇಕಾದದ್ದು ಆಯಿತು. ಆರ್ಕಿಟೆಕ್ಟ್ ಸಾಹೇಬರಿಗೆ ಒಂದು ಅಸ್ತ್ರ ಸಿಕ್ಕಿತ್ತು. “ನಿಮ್ಮ ಶಿಷ್ಯನೇ ಹತ್ತಕ್ಕೆ ಮಾಡ್ತಾನಲ್ಲ ಗುರುಗಳೇ” ಎನ್ನತೊಡಗಿದರು. ಒಬ್ಬರಿಂದ ಇನ್ನೊಬ್ಬರಿಗೆ ಆ ಹತ್ತು ಸಾವಿರ ಊರೆಲ್ಲ ಹರಡಿತು. ನನ್ನನ್ನು ಎಂಟಕ್ಕೆ ಕೇಳುವವರು ಬಂದರು, ಆರಕ್ಕೆ ಮಾಡುವವರು ಹುಟ್ಟಿಕೊಂಡರು. ನಾನು ತೋಡಿದ ಹಳ್ಳಕ್ಕೆ ನಾನೂ ಬಿದ್ದೆ, ಅದೊಂದು ನ್ಯಾಯವಾಗಿ ನಡೆಯಿತು. ಆದರೆ ಮೊದಲು ಬಿದ್ದವರು ಅವರು.

ಮೂರು ವರ್ಷದ ನಂತರ ಒಂದು ದಿನ ಕುವೆಂಪುನಗರದ ರಸ್ತೆಯಲ್ಲಿ ಹೋಗುತ್ತಿದ್ದೆ. ಒಂದು ಹೊಸ ಮನೆಯ ಎದುರು ಏಣಿಯ ತುದಿಯಲ್ಲಿ ಚೌಕಳಿ ಅಂಗಿ ಕಂಡಿತು. ಅರವತ್ತು ದಾಟಿದ ಮನುಷ್ಯ, ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಕ್ಯಾಮೆರಾ. ಬೈಕು ನಿಲ್ಲಿಸಿ ಓಡಿದೆ. ಏಣಿ ಹಿಡಿದುಕೊಂಡು, ಆ ಲೆನ್ಸ್ ಎಲ್ಲಿ ಸಾರ್ ಎಂದು ಕೂಗಿದೆ.

“ಕೊಟ್ಬುಟ್ಟೆ.”

“ಯಾರಿಗೆ? ಯಾಕೆ?”

“ಬೆಂಗ್ಳೂರಲ್ಲಿ ಒಬ್ರು ತಗೊಂಡ್ರು. ಗೋಡೆ ಅರ್ಧ ಎತ್ತರಕ್ಕೆ ಓಗಿ ನಿಂತ್ರೆ ಗೆರೆ ತಾನಾಗೇ ನೆಟ್ಟಗೆ ಬತ್ತದೆ. ಏಣಿ ಇದ್ರೆ ಸಾಕು ಬುಡು.”

ನನಗೆ ಅಳು ಬರಬೇಕಿತ್ತು, ಕೋಪ ಬಂತು. ನಡುರಸ್ತೆಯಲ್ಲಿ ನಿಂತು ಕೂಗಾಡಿದೆ. ಆ ಸಾಹೇಬರ ಆಫೀಸಿಗೆ ಹೋಗಿ ಮೇಜು ಕುಟ್ಟಿ ಕೇಳಿ ಸಾರ್, ಬೈಯಿರಿ, ಯಾರಿಗಾದರೂ ಒಬ್ಬರಿಗೆ ಒಂದು ಸಲ ಬೈಯಿರಿ ಎಂದೆ. ಅವರು ಮೇಲಿನಿಂದಲೇ, “ಒಂದ್ಸಲ ಬರ್ದು ಕೊಟ್ಟಿದ್ದೀನಲ್ಲ. ಎರಡ್ನೇ ಸಲ ಕೇಳಿದ್ರೆ ಅದು ಬೆಲೆ ಅಲ್ಲ ಕಣಯ್ಯ, ಭಿಕ್ಷೆ. ಏಣಿ ಅಲ್ಲಾಡಿಸ್ಬೇಡ” ಎಂದರು. ಬೈಯಬೇಕಾಗಿದ್ದ ಮೊದಲನೆಯವನು ಕೆಳಗೆ ಏಣಿ ಹಿಡಿದು ನಿಂತಿದ್ದಾನೆಂದು ನನಗೆ ಗೊತ್ತಿತ್ತು. ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಮತ್ತೆ ಸಭೆಗೆ ಬರುತ್ತೇನೆ. ಭಾಷಣ ಮುಗಿದು ಕಾಫಿ ಕೊಡುತ್ತಿದ್ದರು. ಅವರ ಹೆಂಡತಿ ಗೋಡೆ ಬದಿಯ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರು. ಹತ್ತಿರ ಹೋದೆ.

“ದುಡ್ಡೇ ಕೇಳ್ತಿರ್ಲಿಲ್ವಂತೆ” ಎಂದರು ಮೆಲ್ಲಗೆ. “ಬರ್ದಿದ್ದ ಆಳೆನೆಲ್ಲ ಅಂಗಿ ಜೇಬಲ್ಲೇ ಬುಡೋರು. ಒಗೆಯೋ ಮುಂಚೆ ತಗ್ದು ತಗ್ದು ನಾನೇ ಮಡಗ್ತಿದ್ದೆ. ಇವತ್ತು ಕೊಡೋಣ ಅಂತ ತಂದೆ. ನಿನಗೆ ಬೇಕಾಗ್ಬೋದು ಕಣಪ್ಪ.”

ಸೀರೆಯ ಸೆರಗಿನಡಿಯಿಂದ ಅವರು ತೆಗೆದದ್ದು ಒಂದು ಪೇಟ. ಅದರೊಳಗೆ ನಾಲ್ಕಾಗಿ ಮಡಿಸಿದ ದಿನದರ್ಶಿಯ ಹಾಳೆಗಳು ತುಂಬಿದ್ದವು. ಒಂದೊಂದೇ ಬಿಡಿಸಿದೆ. ಸಾಹೇಬರ ಮೇಜಿನಿಂದ ವಾಪಸ್ಸು ಬಂದಿದ್ದ ವಿಜಯನಗರದ ಮನೆಯದೂ ಸಿಕ್ಕಿತು. ಬೆಳಕು ಎರಡು, ಇಪ್ಪತ್ತನಾಲ್ಕು ಸಾವಿರ. ಅದರ ಕೆಳಗೆ ಬೇರೆ ಬಣ್ಣದ ಪೆನ್ನಿನಲ್ಲಿ, ಅದೇ ದುಂಡನೆಯ ಅಕ್ಷರದಲ್ಲಿ ‘ಹತ್ತು’ ಎಂದು ಬರೆದು, ಪಕ್ಕದಲ್ಲಿ ನನ್ನ ಹೆಸರು, ಆ ಮೆಟ್ಟಿಲ ಫೋಟೋ ತೆಗೆದದ್ದರ ಹಿಂದಿನ ದಿನದ ತಾರೀಖು ಬರೆದಿದ್ದರು. ಗೊತ್ತಿತ್ತು. ಗೊತ್ತಿದ್ದೇ ಅವತ್ತು ಮೊಪೆಡ್ ಹತ್ತಿ ಬಂದಿದ್ದರು, ಗೊತ್ತಿದ್ದೇ ಲೆನ್ಸು ಕೊಟ್ಟಿದ್ದರು. ಅಯ್ಯೋ ಸಾರ್, ಕಪಾಳಕ್ಕೆ ಒಂದು ಬಾರಿಸಿದ್ದರೆ ಏನಾಗುತ್ತಿತ್ತು ನಿಮಗೆ? ನಾನು ಆವತ್ತೇ ಹೋಗಿ ಬೆಲೆ ಸರಿ ಮಾಡಿಕೊಂಡು ಬರುತ್ತಿದ್ದೆ. ನಿಮ್ಮ ಒಳ್ಳೆಯತನಕ್ಕೆ ನನ್ನ ಧಿಕ್ಕಾರ.

ಆ ಹೊತ್ತಿಗೆ ಸರಿಯಾಗಿ ಆರ್ಕಿಟೆಕ್ಟ್ ಸಾಹೇಬರು ಕಾಫಿ ಲೋಟ ಹಿಡಿದು ಬಂದು ನನ್ನ ಹೆಗಲ ಮೇಲೆ ಕೈ ಹಾಕಿದರು. ಹೂಟಗಳ್ಳಿಯಲ್ಲಿ ಅವರದೊಂದು ಹೊಸ ಆಫೀಸ್ ಕಟ್ಟಡ ಎದ್ದಿದೆ. “ಗುರುಗಳೇ ತೆಗೀಬೇಕಿತ್ತು. ಈಗ ನೀವು ತೆಗೀರಿ, ಅವರ ನೆನಪಿಗೆ ಅಂತ. ನಿಮ್ಮನ್ನ ರೇಟು ಕೇಳಿದ್ರೆ ಅವರಿಗೇ ಅವಮಾನ ಮಾಡಿದ ಹಾಗಾಗುತ್ತೆ.”

“ಕೇಳಿ ಸಾರ್” ಎಂದೆ. “ಪರವಾಗಿಲ್ಲ, ಕೇಳಿ.”

ಅವರು ನಕ್ಕರು. ನಾನು ನಗಲಿಲ್ಲ. ನಾಳೆ ಹೋಗಿ ಕಟ್ಟಡ ನೋಡುತ್ತೇನೆ, ಎಷ್ಟು ಬೆಳಕೋ ಅಷ್ಟು ಬರೆದು ಕಳಿಸುತ್ತೇನೆ, ಒಂದು ರೂಪಾಯಿ ಕಮ್ಮಿ ಆಗುವುದಿಲ್ಲ, ಪೇಟ ಇಟ್ಟರೆ ಅಲ್ಲೇ ತೆಗೆದು ನಿಮ್ಮ ತಲೆಗೇ ಇಡುತ್ತೇನೆ ಎಂದೆ. ಸುತ್ತ ಕಾಫಿ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಹಾಳೆ ಕೊಟ್ಟ ಆ ತಾಯಿ ನೋಡಿದರೇ ಎಂದು ನಾನು ನೋಡಲಿಲ್ಲ, ಧೈರ್ಯವಿರಲಿಲ್ಲ. ಮಾರನೇ ದಿನ ಹೋಗಿ ಗೆರೆ ಎಳೆದೆ. ಬೆಳಿಗ್ಗೆ ಮುಂಬಾಗಿಲಿಗೆ ಒಂದು, ನಡುಮಧ್ಯಾಹ್ನ ಒಳಗಿನ ತೊಟ್ಟಿ ಅಂಗಳಕ್ಕೆ ಒಂದು, ಸಂಜೆ ದೀಪ ಹಚ್ಚಿದಾಗ ಗಾಜಿನ ಗೋಡೆಗೆ ಒಂದು. ಮೂರು ಬೆಳಕು. ಈಗಿನ ಕಾಲಕ್ಕೆ ಬೆಳಕಿಗೆ ಇಪ್ಪತ್ತೈದರಂತೆ ಎಪ್ಪತ್ತೈದು ಸಾವಿರ ಎಂದು ಬರೆದು ಕಳಿಸಿದೆ. ಉತ್ತರ ಬರಲಿಲ್ಲ.

ಉತ್ತರ ಬಂದದ್ದು ನಾಲ್ಕು ದಿನ ಬಿಟ್ಟು, ಬೇರೆ ದಾರಿಯಲ್ಲಿ. ನನ್ನ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸುವ ಹುಡುಗಿಯೊಬ್ಬಳಿದ್ದಾಳೆ. ಕಟ್ಟಡದ ಫೋಟೋ ತೆಗೆಯಲು ಈ ವರ್ಷವಷ್ಟೇ ಶುರುಮಾಡಿದವಳು, ಕೈ ಚೆನ್ನಾಗಿದೆ. ಸ್ವೀಟ್ ಬಾಕ್ಸ್ ಹಿಡಿದು ಬಂದಳು.

“ಸಾರ್, ಹೂಟಗಳ್ಳಿದು ದೊಡ್ಡ ಕೆಲ್ಸ ಸಿಕ್ತು! ಮೂವತ್ತು ಹೇಳಿದೆ, ತಕ್ಷಣ ಒಪ್ಕೊಂಡ್ಬುಟ್ರು.”

“ಕಟ್ಟಡ ನೋಡಿದ್ಯಾ?”

“ಇಲ್ಲ ಸಾರ್, ಪ್ಲಾನ್ ಕಳ್ಸಿದ್ರು.”

ಬೈದೆ. ಹನ್ನೊಂದು ವರ್ಷದ ಹಿಂದೆ ಸ್ಟೂಲಿನ ಮೇಲೆ ಕೂತು ನೀರು ಕುಡಿದವರು ಬೈಯದೆ ಬಿಟ್ಟದ್ದನ್ನೆಲ್ಲ ಸೇರಿಸಿ ಬೈದೆ. ಹುಡುಗಿಯ ಕಣ್ಣು ತುಂಬಿತು. ಆದರೂ ಬಿಡಲಿಲ್ಲ, “ನೀವೂ ಹಿಂಗೇ ಅಲ್ವಾ ಸಾರ್ ಶುರು ಮಾಡಿದ್ದು? ಎಲ್ರೂ ಹೇಳ್ತಾರೆ” ಎಂದು ತಿರುಗಿಸಿ ಕೊಟ್ಟಳು. ಡ್ರಾಯರಿನಿಂದ ವಿಜಯನಗರದ ಆ ಹಾಳೆ ತೆಗೆದು ಅವಳ ಕೈಗೆ ಕೊಟ್ಟೆ. ಓದಿದಳು. ಗೆರೆ ಎಳೆದು ಬೆಳಕು ಎಣಿಸುವ ರೀತಿಯನ್ನೂ ಏಣಿಯ ಕಥೆಯನ್ನೂ ಹೇಳಿದೆ. ಸ್ವೀಟ್ ಬಾಕ್ಸ್ ಮೇಜಿನ ಮೇಲೆಯೇ ಇತ್ತು.

“ಈಗೇನ್ಮಾಡ್ಲಿ ಸಾರ್? ಒಪ್ಕೊಂಡ್ಬುಟ್ಟಿದ್ದೀನಲ್ಲ.”

“ನೋಡದೆ ಹೇಳ್ದೆ ತಾನೆ? ಈಗ ನೋಡ್ಕೊಂಡು ಹೇಳು. ಹೋಗು, ನೀನೇ ಎಣಿಸು.”

“ಕೆಲ್ಸ ಹೋದ್ರೆ?”

“ಹೋಗ್ಲಿ. ನನ್ನ ಕೈಯಿಂದಲೂ ಹೋಯ್ತು. ಕಮ್ಮಿಗೆ ಮಾಡಿದ್ಯೋ, ನಿಮ್ಮನೆ ಬಾಗಿಲಿಗೆ ಬಂದು ಜಗಳ ಆಡ್ತೀನಿ, ನೆನಪಿರ್ಲಿ.”

ಬೆಳಕಿಗೆ ಇಪ್ಪತ್ತೈದು ಎಂದು ಹೇಳಿ, ಸೀಮೆಸುಣ್ಣ ಕೊಟ್ಟು ಕಳಿಸಿದೆ. ಎಷ್ಟು ಬೆಳಕು ಎಂದು ನಾನು ಅವಳಿಗೆ ಹೇಳಲಿಲ್ಲ. ಎರಡು ದಿನ ಅವಳಿಂದ ಸುದ್ದಿಯಿಲ್ಲ. ಹೆದರಿ ಮೂವತ್ತಕ್ಕೇ ಮಾಡುತ್ತಿದ್ದಾಳೆ ಎಂದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿರುವಾಗಲೇ ಫೋನು ಬಂತು. ಆರ್ಕಿಟೆಕ್ಟ್ ಸಾಹೇಬರದು. ಸಭೆಯ ಮೈಕಿನಲ್ಲಿ ಕೇಳಿದ ಜೇನಿನಂಥ ಧ್ವನಿ ಅದಲ್ಲ.

“ಏನ್ರೀ ಇದು? ಮೊನ್ನೆ ಮೂವತ್ತು ಅಂದೋಳು ಈಗ ಮೂರು ಬೆಳಕು, ಎಪ್ಪತ್ತೈದು ಅಂತಾಳೆ. ಅದೂ ಕ್ಯಾಲೆಂಡರ್ ಹಾಳೆ ಮೇಲೆ ಬರ್ದು ಕಳ್ಸಿದ್ದಾಳೆ! ಏನು, ಎಲ್ಲಾ ಸೇರ್ಕೊಂಡ್ಬಿಟ್ಟಿದ್ದೀರಾ?”

“ಹೌದು ಸಾರ್” ಎಂದೆ. “ಸೇರ್ಕೊಂಡಿದ್ದೀವಿ. ಹನ್ನೊಂದು ವರ್ಷ ತಡ ಆಯ್ತು.”